ದುಂಡು ಮುಖದ ಅಕ್ಕೋರು

ಅಕ್ಕೋರ ಕೆನ್ನೆಗಳು ಪೂರಿಯ ಹಾಗೆ ಉಬ್ಬಿಕೊಂಡಿದ್ದವು, ಕೈ ಮಾತ್ರ ಕಡ್ಡಿ. ಸೆರಗು ಸರಿಮಾಡಲು ಕೈಯೆತ್ತಿದರೆ ಬಳೆಗಳೆಲ್ಲ ಮೊಣಕೈತನಕ ಜಾರುತ್ತಿದ್ದವು. ದಾವಣಗೆರೆಯ ಡಾಕ್ಟರ ಬೆಂಚಿನ ಮೇಲೆ ಅವರನ್ನು ಮೊದಲ ಸಲ ನೋಡಿದಾಗ, ಇದೆಂಥ ಆಕಾರವಪ್ಪಾ ಅಂದುಕೊಂಡಿದ್ದೆ. ಕೆಲವೇ ತಿಂಗಳಲ್ಲಿ ನನ್ನದೂ ಅದೇ ಆಕಾರವಾಯಿತು.

ಅರವತ್ತರ ದಶಕದ ಮೊದಲ ವರ್ಷಗಳವು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನ ಕಾಮಾಲೆಗೆ ಹದಡಿಯ ನಮ್ಮ ಮನೆಯಲ್ಲಿ ಮಾಡದ ಉಪಾಯವಿರಲಿಲ್ಲ. ನೆಲನೆಲ್ಲಿ ಅರೆದು ಕುಡಿಸಿದರು, ಮುಂಗೈಗೆ ಬರೆ ಹಾಕಿಸಿದರು. ಅದು ಹೋಗುವುದು, ಮತ್ತೆ ಬರುವುದು. ಕೊನೆಗೆ ನನ್ನ ತಟ್ಟೆ ಲೋಟ ಬೇರೆಯಾದವು, ಹಾಸಿಗೆ ಕೊಟ್ಟಿಗೆ ಪಕ್ಕದ ಕೋಣೆಗೆ ಹೋಯಿತು. ಅವ್ವ ರೊಟ್ಟಿಯನ್ನು ಮೇಲಿಂದ ತಟ್ಟೆಗೆ ಬಿಡುತ್ತಿದ್ದಳು. ಬೈಯುವುದಕ್ಕೂ ಯಾರೂ ಹತ್ತಿರ ಬರುತ್ತಿರಲಿಲ್ಲ. ಇದು ಅಂಟುವ ಕಾಮಾಲೆಯಲ್ಲ, ಇವಳ ಮೈಯೇ ತನ್ನ ಲಿವರನ್ನು ಹಗೆಯೆಂದು ತಿಳಿದು ಕೆಡಿಸುತ್ತಿದೆ ಎಂದು ಡಾಕ್ಟರು ಹೇಳಿ, ಆಗ ಹೊಸದಾಗಿ ಬಂದಿದ್ದ ಗುಳಿಗೆ ಬರೆದುಕೊಟ್ಟರು. ಮನೆಯವರು ಗುಳಿಗೆಯನ್ನು ನಂಬಿದರು, ಅಂಟುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಲಿಲ್ಲ.

ಅಕ್ಕೋರು ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಅವರಿಗೂ ಇದೇ ರೋಗ, ಇದೇ ಗುಳಿಗೆ. ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದರು. ನನ್ನ ಸಂಗತಿ ಕೇಳಿಕೊಂಡ ದಿನ, ಏಳು ಎಂದು ಬಾಗಿಲ ಬೆಳಕಿಗೆ ಎಳೆದೊಯ್ದು, ಕೆಳಗಿನ ಕಣ್ಣುರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದರು. “ಕನ್ನಡಿ ಮಾತು ಕೇಳಬ್ಯಾಡ ಹುಡುಗಿ. ಕಣ್ಣಿನ ಬಿಳಿ ಏನಂತೈತೆ, ಅದನ್ನ ಕೇಳು” ಎಂದರು. ನಾನು ಅತ್ತುಬಿಟ್ಟೆ. ನೋವಾಯಿತೇ ಎಂದು ಗಾಬರಿಯಾದರು. ನೋವಲ್ಲ. ಒಬ್ಬರು ನನ್ನನ್ನು ಮುಟ್ಟಿ ವರ್ಷದ ಮೇಲಾಗಿತ್ತು.

ಆಮೇಲೆ ಪ್ರತಿ ಸಲವೂ ರೆಪ್ಪೆ ಜಗ್ಗಿದ ಮೇಲೆಯೇ ಮಾತು. ಇಬ್ಬರಿಗೂ ಉಪ್ಪು ಬಂದ್. ಅವರ ಬುತ್ತಿಯಲ್ಲಿ ಸಪ್ಪೆ ರೊಟ್ಟಿ, ಜೊತೆಗೊಂದು ನಿಂಬೆಹೋಳು. ನಾಲಿಗೆ ಬಲು ದಡ್ಡ, ಹುಳಿ ಕೊಟ್ಟು ಉಪ್ಪೆಂದು ನಂಬಿಸಬಹುದು ಅನ್ನುತ್ತಿದ್ದರು. ನನ್ನ ನಾಲಿಗೆಯೇನೂ ಅಷ್ಟು ದಡ್ಡವಾಗಿರಲಿಲ್ಲ. ಸ್ಟೇಷನ್ನಿನ ದಾರಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವಲ್ಲಿ ಬೇಕೆಂದೇ ನಿಂತು, ವಾಸನೆಗೇನೂ ಪಥ್ಯವಿಲ್ಲ ಎಂದು ಮೂಗರಳಿಸುತ್ತಿದ್ದರು. ನಕ್ಕೂ ನಕ್ಕೂ ನನಗೆ ಪಕ್ಕೆ ಹಿಡಿಯುತ್ತಿತ್ತು.

ಅಷ್ಟರಲ್ಲಿ ಗುಳಿಗೆಗೆ ನನ್ನ ಮುಖ ದುಂಡಗಾಯಿತು. ಊರವರು ಹುಡುಗಿ ಮೈಕೈ ತುಂಬಿಕೊಂಡಳು ಎಂದರು. ಅವ್ವನ ಖುಷಿಗೆ ಮಿತಿಯೇ ಇಲ್ಲ. ಗುಣವಾದವಳಿಗೆ ಇನ್ನು ಗುಳಿಗೆ ಯಾಕೆಂದು ನಿಲ್ಲಿಸಿಬಿಟ್ಟಳು, ಲೋಕಿಕೆರೆಯ ಗಂಡಿನವರಿಗೆ ನೋಡಲು ಬರುವಂತೆ ಹೇಳಿಕಳಿಸಿದಳು. ನಾನೂ ಚಕಾರ ಎತ್ತಲಿಲ್ಲ. ನನ್ನ ತಟ್ಟೆ ಒಳಗೆ ಬಂದಿತ್ತು, ಅವ್ವ ಕೂಡಿಸಿಕೊಂಡು ತಲೆ ಬಾಚುತ್ತಿದ್ದಳು. ಆ ಸುಖ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

ಎರಡು ಸಲ ನಾನು ಬೆಂಚಿನ ಮೇಲೆ ಕಾಣದಿದ್ದಾಗ ಅಕ್ಕೋರು ಭಾನುವಾರ ಬಸ್ಸು ಹಿಡಿದು ಹದಡಿಗೇ ಬಂದರು. ಬಂದವರೇ ನನ್ನನ್ನು ಅಂಗಳಕ್ಕೆ ಎಳೆದು ರೆಪ್ಪೆ ಜಗ್ಗಿದರು. ಬಿಳಿ ಮತ್ತೆ ಅರಿಶಿನವಾಗಿತ್ತು. ಮುಖ ಎಷ್ಟು ತುಂಬಿದೆ ನೋಡಿರೆಂದು ಅವ್ವ ವಾದಕ್ಕಿಳಿದಳು.

“ನನ್ನ ಮುಖಾನೂ ನೋಡ್ರಿ ಯಮ್ಮಾ, ಇದೂ ತುಂಬೈತೆ. ಇದು ಗುಳಿಗೆ ತಂದ ಬಾವು, ಆರೋಗ್ಯ ಅಲ್ಲ. ಮನೆ ನಾಯಿ ಮನೆಯವರನ್ನೇ ಕಡಿಯೋದು ಕಲಿತೈತೆ, ಗುಳಿಗೆ ಅದರ ಸರಪಳಿ. ನಾಯಿ ಸುಮ್ನೈತೆ ಅಂತ ಬಿಚ್ಚಿದ್ರೆ ಹೆಂಗೆ? ನನಗೆ ಈ ಗುಳಿಗೆ ಸಿಗೋ ಹೊತ್ತಿಗೆ ಲಿವರು ಕಲ್ಲಾಗಿತ್ತು. ನಿಮ್ಮ ಹುಡುಗಿಗೆ ಹೊತ್ತಿಗೆ ಸರಿಯಾಗಿ ಸಿಕ್ಕೈತೆ. ಕಸಕೋಬ್ಯಾಡ್ರಿ.”

ಅವ್ವ ಗುಳಿಗೆ ತಂದುಕೊಟ್ಟಳು. ಸುದ್ದಿ ಲೋಕಿಕೆರೆಗೆ ಮುಟ್ಟಿತು, ಗಂಡಿನವರು ಬರಲಿಲ್ಲ. ನನ್ನ ತಟ್ಟೆ ಮತ್ತೆ ಕೋಣೆಗೆ ಹೋಯಿತು. ಮುಂದಿನ ಸಲ ಬೆಂಚಿನ ಮೇಲೆ ಅಕ್ಕೋರ ಮೇಲೆ ಸಿಟ್ಟು ಮಾಡಿದೆ, ಯಾಕಾದರೂ ಬಂದಿರಿ ಎಂದೆ. ಅವರು ನಿಂಬೆಹೋಳು ಹಿಂಡುತ್ತಾ, “ಒಬ್ಬಳೇ ಇರೋದು ಕಷ್ಟ ಐತೆ, ಸುಳ್ಳು ಹೇಳಂಗಿಲ್ಲ. ಆದ್ರೆ ಮೊದ್ಲು ಇರಬೇಕಲ್ಲ” ಎಂದರು.

ನಾನು ಇದ್ದೇನೆ. ಕಣ್ಣಿನ ಬಿಳಿ ಬಿಳಿಯಾಗಿಯೇ ಉಳಿಯಿತು, ಡಾಕ್ಟರು ಗುಳಿಗೆಯನ್ನು ಅರ್ಧಕ್ಕಿಳಿಸಿದರು. ಅಕ್ಕೋರಿಗೆ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಒಂದು ಸಲ ನಾನು ಹೋದಾಗ ಬೆಂಚು ಖಾಲಿಯಿತ್ತು. ರಕ್ತ ಕಾರಿಕೊಂಡು ಬೆಳಿಗ್ಗೆ ತೀರಿಕೊಂಡರಂತೆ ಎಂದು ಡಾಕ್ಟರೇ ಹೊರಗೆ ಬಂದು ಹೇಳಿದರು. ಸಿಕ್ಕ ರೈಲು ಹತ್ತಿ ಹರಿಹರಕ್ಕೆ ಹೋದೆ.

ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಕಾಯಿಲೆಯೆಂದು ಒಂದು ದಿನ ಬಾಯಿಬಿಟ್ಟವರಲ್ಲ, ಈಗಲೂ ಮುಖ ಹೇಗೆ ತುಂಬಿದೆ ನೋಡಿ ಎಂದು ಓಣಿಯವರು ಮರುಗುತ್ತಿದ್ದರು. ಬಂಧುಗಳು ಯಾರೂ ಬಂದಿರಲಿಲ್ಲ. ಒಬ್ಬ ಮುದುಕಿ ನನ್ನನ್ನೇ ದಿಟ್ಟಿಸಿ ಕೇಳಿದಳು: “ಅಕ್ಕೋರ ತಂಗಿ ಏನ್ರಿ ನೀವು? ಮುಖ ಥೇಟ್ ಹಂಗೇ ಐತೆ.”

ಹೂಂ, ಎಂದೆ.

ಹಾಗಾದರೆ ಮನೆಯವರೊಬ್ಬರು ಸಿಕ್ಕರು ಎಂದು ಆಕೆ ನನ್ನ ಕೈ ಹಿಡಿದು ಮುಂದೆ ಕರೆದುಕೊಂಡು ಹೋದಳು. ಮೊದಲ ಹಿಡಿ ಮಣ್ಣನ್ನು ನನ್ನಿಂದಲೇ ಹಾಕಿಸಿದರು.