ಬೇಣದ ಮೇಲಿನ ಕಲ್ಲುಮರಗಿ

ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ನಡೆದದ್ದು ನಡೆದದ್ದೇ. ನೆನೆದರೆ ಹೆದರಿಕೆಗಿಂತ ಮೊದಲು ಸಿಟ್ಟೇ ಬರುತ್ತದೆ.

ಹೊನ್ನಾವರದ ಹತ್ತಿರ ನಮ್ಮ ಮನೆ. ಹಿಂದಿನ ಗುಡ್ಡ ಹತ್ತಿದರೆ ಬೇಣ. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಬರೀ ಕಾದ ಕೆಂಪುಕಲ್ಲು, ನೆರಳಿಗೊಂದು ಮರವಿಲ್ಲ. ಹಿಂದೆ ಊರ ದನವೆಲ್ಲ ಅಲ್ಲೇ ಮೇಯುತ್ತಿದ್ದವು. ದೊಡ್ಡಿಯ ಗೋಡೆ ಬಿದ್ದುಹೋಗಿದೆ, ದನ ಮೈ ಉಜ್ಜುತ್ತಿದ್ದ ಕಲ್ಲುಕಂಬ ಈಗಲೂ ನುಣ್ಣಗಿದೆ. ಅದರ ಪಕ್ಕದಲ್ಲೇ ದನ ನೀರು ಕುಡಿಯುವ ಕಲ್ಲಿನ ತೊಟ್ಟಿ, ನಮ್ಮ ಮರಗಿ. ಗುಡ್ಡ ಹತ್ತುವವರು ಒಂದು ಕೊಡ ನೀರು ಹೊತ್ತೊಯ್ದು ಅದಕ್ಕೆ ಸುರಿಯಬೇಕು, ಆಮೇಲೇ ತಾವು ಕುಡಿಯಬೇಕು. ಅದು ಪದ್ಧತಿ.

ಈ ಬೇಸಿಗೆಯ ಮೊದಲಲ್ಲಿ ನನ್ನ ಮೈದುನ ಮಂಜ ಆ ಮರಗಿಯನ್ನು ಕಿತ್ತ. ಅಪ್ಸರಕೊಂಡದ ಕಡೆ ಅವನ ಗೆಳೆಯನ ಹೋಂಸ್ಟೇಯಲ್ಲಿ ತಾವರೆ ಬೆಳೆಸಲು ಬೇಕಂತೆ! ನೀರು ಹೊರುವುದು ತಪ್ಪಿತೆಂದು ನಾನೂ ಕೈಹಚ್ಚಿ ಪಿಕಪ್‌ಗೆ ಏರಿಸಿದೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ವಾರವಾಗಿರಲಿಲ್ಲ. ತುಂಬು ಗಬ್ಬದ ನಮ್ಮ ಆಕಳು ಬೆಳ್ಳಿ, ಬೇಣಕ್ಕೆ ಮೇಯಲು ಹೋದವಳು, ಎರಡು ದಿನ ಮನೆಗೇ ಬರಲಿಲ್ಲ. ಗಂಡ ಭಟ್ಕಳದಲ್ಲಿ, ಬೋಟಿನ ಮೇಲೆ. ಕತ್ತಲಾಗುವಾಗ ಮಂಜನ ಕೈಗೆ ಟಾರ್ಚು ಕೊಟ್ಟು, ನಾನು ಕೊಡ ಹೊತ್ತು ಬೇಣ ಹತ್ತಿದೆ.

"ನೀರಿಲ್ದೆ ಅದು ಸತ್ತಿದ್ರೆ ನಿನ್ನ ಬಿಡೂದಿಲ್ಲ ನೋಡು!"

ಮೇಲೆ ಮುಟ್ಟುವ ಮೊದಲೇ ಕೇಳಿತು... ಗಂಟೆಗಳು. ಒಂದಲ್ಲ, ಇಪ್ಪತ್ತಾದರೂ ಇರಬೇಕು. ಊರಲ್ಲಿ ಈಗ ಉಳಿದಿರುವುದೇ ನಾಲ್ಕು ದನ. ಹಸಿ ಸಗಣಿಯ, ಒದ್ದೆ ಕಲ್ಲಿನ ವಾಸನೆ. ಮತ್ತೆ, ಸೊರ್... ಸೊರ್... ಒಟ್ಟಿಗೆ ನೀರು ಹೀರುವ ಸದ್ದು.

"ಅತ್ತಿಗೆ... ಎಂತದು ಅದು?"

"ಸುಮ್ನಿರು. ಟಾರ್ಚು ಹಾಕು."

ಬೆಳಕು ಬಿದ್ದದ್ದೇ ಗಂಟೆಗಳೆಲ್ಲ ನಿಂತವು. ಮರಗಿ ಇದ್ದ ಜಾಗದಲ್ಲಿ ಬೆಳ್ಳಿ ಒಬ್ಬಳೇ ತಲೆ ಬಗ್ಗಿಸಿ ನಿಂತಿದ್ದಳು. ನೆಲ ಕಾದ ಹಂಚಿನಂತೆ ಒಣಗಿತ್ತು. ಅವಳ ಗಂಟಲು ಮಾತ್ರ ಆಡುತ್ತಿತ್ತು... ಗುಟುಕು, ಗುಟುಕು. ಮೂತಿ ಹಿಡಿದರೆ ತಣ್ಣನೆಯ ನೀರು ನನ್ನ ಅಂಗೈಗೆ ಇಳಿಯಿತು.

ಕೊಡ ಮುಂದಿಟ್ಟೆ. ಅವಳು ಮುಖ ತಿರುಗಿಸಿದಳು.

ಸಿಟ್ಟು ತಡೆಯದೆ ಮಂಜನ ಕಪಾಳಕ್ಕೆ ಬಾರಿಸಿದೆ. ಅವನು ಕೆನ್ನೆ ಹಿಡಿದುಕೊಂಡು, "ನೀನೂ ಕೈ ಹಚ್ಚಿದ್ಯಲ್ಲ ಅತ್ತಿಗೆ" ಎಂದ.

ಮರುದಿನವೇ ಜಗಳ ಮಾಡಿ ಮರಗಿ ವಾಪಸು ತಂದು ಅಲ್ಲೇ ಇಟ್ಟೆವು. ದಿನಾ ಹೊತ್ತು ತುಂಬುತ್ತೇನೆ. ಬೆಳ್ಳಿ ಮೂಸಿಯೂ ನೋಡುವುದಿಲ್ಲ. ಕರು ಹಾಕಿದಳು, ಹಾಲೂ ಕೊಡುತ್ತಾಳೆ, ನಮ್ಮ ಕೈಯ ನೀರನ್ನು ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ. ಅವಳಿಗೆ ಯಾರು ಕುಡಿಸುತ್ತಿದ್ದಾರೆ?

ನಿನ್ನೆ ಕರುವಿನ ಮುಂದೆ ಮೊದಲ ಸಲ ಬಾಲ್ದಿಯಲ್ಲಿ ನೀರಿಟ್ಟೆ. ನನ್ನ ಮುಖವನ್ನೊಮ್ಮೆ ನೋಡಿ, ಅದು ಬಾಲ್ದಿಯನ್ನು ಒದೆಯಿತು.