ಕೊನೆಯ ಸಾಲಿನ ಸುಳಿಗಳು

ನಾನು ಚಿಕ್ಕವಳಿದ್ದಾಗ, ಅಹಮದಾಬಾದಿನಲ್ಲಿ, ಭಾನುವಾರ ಬಂತೆಂದರೆ ಅಪ್ಪ ತಡವಾಗಿ ಏಳುತ್ತಿದ್ದರು. ಆದರೆ ಆ ಒಂದು ಭಾನುವಾರ ಬೆಳಗ್ಗೆಯೇ ಅಂಗಿ ತೊಟ್ಟು, ಅಕ್ಕನನ್ನೂ ನನ್ನನ್ನೂ ತಮ್ಮ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ಅಕ್ಕನಿಗೆ ಹದಿನಾಲ್ಕು, ನನಗೆ ಎಂಟು. ಅವ್ವ ಧಾರವಾಡಕ್ಕೆ ಹೋಗಿದ್ದಳು, ನನ್ನನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ.

ಅಪ್ಪ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಉಪಕರಣದ ಪೆಟ್ಟಿಗೆ ನೋಡಲು ಸೋಮವಾರ ದೊಡ್ಡ ಸಾಹೇಬರು ಬರುವವರಿದ್ದರು. ಅದರ ಮುಂಭಾಗದ ಅಲ್ಯುಮಿನಿಯಂ ತಗಡಿಗೆ ಅಲಂಕಾರದ ಸುಳಿಗಳ ಸಾಲು ಮೂಡಿಸುವುದು ಬಾಕಿ ಉಳಿದಿತ್ತು. ಅಪ್ಪನ ಜೊತೆಗಾರ ಜ್ವರ ಬಂದು ಮಲಗಿದ್ದ. ಇದೊಂದು ಕೆಟ್ಟರೆ ಗಂಟುಮೂಟೆ ಕಟ್ಟಬೇಕಾದೀತೆಂದು ಅಪ್ಪನಿಗೆ ಭಯ. ಮಕ್ಕಳನ್ನು ಒಳಗೆ ಕರೆತರಬಾರದೆಂಬ ಕಟ್ಟುನಿಟ್ಟಿನ ನಿಯಮವಿತ್ತು. ಕಾವಲುಗಾರ ಅಪ್ಪನ ಮುಖ ನೋಡಿ, ಬೇರೆ ಕಡೆ ತಿರುಗಿ ನಿಂತ.

ಒಳಗೆ ಸೀಮೆಎಣ್ಣೆಯ ವಾಸನೆ, ಕಬ್ಬಿಣದ ತಣ್ಣನೆಯ ವಾಸನೆ. "ಕೂದಲಾ ಬಿಗಿಯಾಗಿ ಕಟ್ಟಕೋ. ಬಳಿ ತಗದಿಡು," ಎಂದು ಅಪ್ಪ ಅಕ್ಕನಿಗೆ ಹೇಳಿದರು. ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು.

ಸುಳಿ ಮೂಡಿಸುವುದು ನೋಡಲು ಬಲು ಚೆಂದ. ಡ್ರಿಲ್ಲಿಂಗ್ ಮಷೀನಿಗೆ ಬೆರಳುದ್ದದ ಮರದ ಕೋಲು ಸಿಕ್ಕಿಸಿ, ತಗಡಿನ ಮೇಲೆ ಲೋಹ ಉಜ್ಜುವ ಎಮರಿ ಪುಡಿ ಕಲಸಿದ ಎಣ್ಣೆ ಬಳಿಯುತ್ತಾರೆ. ತಿರುಗುವ ಕೋಲನ್ನು ಒಮ್ಮೆ ಒತ್ತಿ ಎತ್ತಿದರೆ ಒಂದು ಸುಳಿ. ತಗಡನ್ನು ಅರ್ಧ ಸುಳಿಯಷ್ಟು ಸರಿಸಿ ಮತ್ತೆ ಒತ್ತಬೇಕು. ಸಾಲು ಮುಗಿಯುವಷ್ಟರಲ್ಲಿ ಮೀನಿನ ಮೈಯಂತೆ ಹೊಳೆಯುತ್ತದೆ. ಪ್ರತಿಸಲ ಸರಿಸಬೇಕಾದ್ದರಿಂದ ತಗಡನ್ನು ಬಿಗಿದಿಡುವಂತಿಲ್ಲ, ಕೈಯಲ್ಲೇ ಹಿಡಿಯಬೇಕು. ಜೊತೆಗಾರನ ಬದಲು ಹಿಡಿದವಳು ಅಕ್ಕ. ದಿನಾ ರಂಗೋಲಿಯ ಚುಕ್ಕಿ ಇಟ್ಟು ಪಳಗಿದ ಅವಳ ಕೈ ಒಂದು ಎಳೆಯಷ್ಟೂ ತಪ್ಪುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಸಾಲು ಉಳಿದಿತ್ತು. ಕಪ್ಪು ಎಣ್ಣೆಯ ಕೆಳಗೆ ಸುಳಿಗಳು ಹೇಗಿವೆಯೋ ಎಂದು ನನಗೆ ತಡೆಯಲಾಗದ ಆಸೆ. ಮೆಲ್ಲಗೆ ಇಳಿದು ಹೋಗಿ, ಒಂದು ಬಟ್ಟೆಚೂರಿನಿಂದ ಎಣ್ಣೆ ಒರೆಸಲು ಕೈ ಚಾಚಿದೆ. ಕೋಲು ಬಟ್ಟೆಯನ್ನು ಸುತ್ತಿಕೊಂಡು ನನ್ನ ಕೈಯನ್ನೂ ಎಳೆಯಿತು. ಅಕ್ಕ ತಗಡು ಬಿಟ್ಟು ನನ್ನನ್ನು ಹಿಂದಕ್ಕೆ ನೂಕಿದಳು. ಯಾರೂ ಹಿಡಿಯದ ತಗಡು ಕೋಲಿನೊಂದಿಗೆ ಗಿರ್ರನೆ ತಿರುಗಿತು. ಅದರ ಅಂಚು ಅಕ್ಕನ ಬಲಗೈಯ ತೋರುಬೆರಳನ್ನು ಕತ್ತರಿಸಿಬಿಟ್ಟಿತು. ಅಕ್ಕ ಕೂಗಲೂ ಇಲ್ಲ. ಕೂಗಿದ್ದು ನಾನು.

ಆಸ್ಪತ್ರೆಗೆ ಹೋಗುವಾಗ ರಿಕ್ಷಾದಲ್ಲಿ ಅಪ್ಪ ಅಕ್ಕನ ಕೈಗೆ ತಮ್ಮ ಅಂಗಿ ಒತ್ತಿ ಹಿಡಿದಿದ್ದರು. ನಮ್ಮಿಬ್ಬರಿಗೂ ಹೇಳಿದರು: "ಮನಿ ಬಾಗಲ ಸಂದ್ಯಾಗ ಸಿಕ್ಕಿತು ಅಂತ ಹೇಳ್ರಿ, ತಿಳೀತೇನವಾ? ಇಲ್ಲಾಂದ್ರ ನನ್ನ ನೌಕರಿ ಹೋಗತದ." ಡಾಕ್ಟರು ನನ್ನ ಕಡೆ ಬಾಗಿ, "ಶುಂ ಥಯುಂ, ಬೇಟಾ?" ಏನಾಯಿತು ಮಗು, ಎಂದು ಕೇಳಿದರು. ನನಗೆ ಗುಜರಾತಿ ಚೆನ್ನಾಗಿ ಬರುತ್ತಿತ್ತು. ಬಾಗಿಲ ಕಥೆಯನ್ನು ತಡವರಿಸದೆ ಹೇಳಿದೆ.

ಸಂಜೆ ಅಪ್ಪ ಒಬ್ಬರೇ ಹೋಗಿ ತಗಡು ತೊಳೆದು ಕೊನೆಯ ಸಾಲು ಮುಗಿಸಿದರು. ಸೋಮವಾರ ಸಾಹೇಬರು ಮೆಚ್ಚಿಕೊಂಡರು. ತಿಂಗಳೊಳಗೆ ಕೆಲಸ ಕಾಯಂ ಆಯಿತು. ಅಪ್ಪ ಪೇಡೆ ತಂದು ಮುಂದಿಟ್ಟಾಗ ಅಕ್ಕ ಎಡಗೈಯಿಂದ ಎತ್ತಿಕೊಂಡಳು. ಎಡಗೈ ಬಾಯಿಗೆ ಹೋದರೆ ಸಿಡಿಮಿಡಿಗೊಳ್ಳುತ್ತಿದ್ದ ಅಪ್ಪ ಎದ್ದು ಹೊರಗೆ ಹೋದರು. ಊರಿನಿಂದ ಬಂದ ಅವ್ವನಿಗೂ ಬಾಗಿಲ ಕಥೆಯನ್ನೇ ಹೇಳಿದ್ದೆವು. ಅವಳು ಆ ಬಾಗಿಲಿಗೆ ಶಾಪ ಹಾಕಿ, ಅದರ ಅಂಚಿಗೆ ಹಳೆಯ ಸೀರೆ ಸುತ್ತಿ ಕಟ್ಟಿದಳು. ಅದನ್ನು ದಾಟಿ ಓಡಾಡುವಾಗಲೆಲ್ಲ ನಾನು ಆ ಸೀರೆಗೆ ಮೈ ತಾಗದಂತೆ ಸರಿದು ಹೋಗುತ್ತಿದ್ದೆ.

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಮೊಣಕಾಲು ತರಚಿದರೂ ಮನೆಗೆ ಫೋನ್ ಬರುತ್ತದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೀರಿ, ಅದರಿಂದ ಯಾರ ಮನೆಯ ಅನ್ನವೂ ಹೋಗುವುದಿಲ್ಲ. ಅದನ್ನು ಕಂಡು ನನಗೆ ಸಂತೋಷ, ಸ್ವಲ್ಪ ಹೊಟ್ಟೆಕಿಚ್ಚು ಕೂಡ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಕಾಪಾಡಬೇಕಾದ ನೌಕರಿ ಈಗ ಇಲ್ಲ. ಆದರೂ ನೀವು ಆ ಮೊಂಡು ಬೆರಳು ಹಿಡಿದು ಕೇಳಿದಾಗಲೆಲ್ಲ ಅಕ್ಕ, "ಬಾಗಲಾಗ ಸಿಕ್ಕಿತ್ತು," ಎನ್ನುತ್ತಾಳೆ. ನನ್ನ ಕಡೆ ನೋಡುವುದೂ ಇಲ್ಲ. ಬಟ್ಟೆ ಹಿಡಿದ ಕೈ ಯಾರದೆಂದು ನಿಮಗೆ ತಿಳಿಯಬಾರದೆಂದು. ಅದಕ್ಕೇ ಇವತ್ತು ನಾನೇ ಹೇಳಿದೆ.