ಮೂರನೇ ಗೇರಿನ ಮೇಲೆ ಯಾರ ಕೈ

ಗಿರಣಿಯಲ್ಲಿ ಮಗ್ಗಗಳ ಫಿಟ್ಟರಾಗಿದ್ದ ಅವನಿಗೆ ಗರಗಸ ಎಂಬ ಹೆಸರು ಬಿದ್ದದ್ದು ನಾಲಿಗೆಯ ದೆಸೆಯಿಂದ. ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ ಎಂದು ಜೊತೆಯವರು ಇಟ್ಟ ಹೆಸರು. ಅದರಿಂದ ಅವನಿಗೇನೂ ಬೇಸರವಿರಲಿಲ್ಲ. ಮೊಂಡು ಚಾಕು ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎನ್ನುತ್ತಿದ್ದ. ಗಿರಣಿಯಿಂದ ನಿವೃತ್ತನಾದ ಮೇಲೆ ಕೊಯ್ಯಲು ಬೇರೆ ಯಾರೂ ಸಿಗದೆ ಅಳಿಯನನ್ನು ಹಿಡಿದುಕೊಂಡಿದ್ದ.

ಅಳಿಯನೂ ಬಗ್ಗುವ ಆಸಾಮಿಯಲ್ಲ. ಸ್ವಂತ ಗ್ಯಾರೇಜಿನ ಒಡೆಯ. ಅವನ ಮನೆ ಎದುರು ಸಾಲಿನಲ್ಲೇ ಇದ್ದದ್ದರಿಂದ ಜಗಳಕ್ಕೆ ದಾರಿ ಖರ್ಚೂ ಬೇಕಿರಲಿಲ್ಲ. ಮಾವನಿಗೆ ಸಮಾಧಾನವಿದ್ದ ದಿನ ಅಳಿಯ ‘ನೀನು’ ಆಗುತ್ತಿದ್ದ. ಪಿತ್ತ ನೆತ್ತಿಗೇರಿದ ದಿನ ‘ಅಳಿಯಂದಿರು’ ಆಗುತ್ತಿದ್ದ. ಆ ವರ್ಷವೆಲ್ಲ ಅವನು ಬಹುವಚನದಲ್ಲೇ ಇದ್ದ.

ಜಗಳದ ಬೇರು ಒಂದು ಕಾರು. ಇಬ್ಬರೇ ಕೂರುವ ಹಳೇ ಕಾಲದ ಸ್ಪೋರ್ಟ್ಸ್ ಕಾರು. ಮೂಗು ಉದ್ದ, ತಲೆಗೆ ಬಟ್ಟೆಯ ಮಾಡು, ಹೊಟ್ಟೆ ನೆಲ ಕೆರೆಯುವಷ್ಟು ತಗ್ಗು. ಗಿರಣಿ ಯಜಮಾನನ ಮಗ ಗೋಡೆಗೆ ಗುದ್ದಿ ಮೂಲೆಗೆ ಎಸೆದದ್ದನ್ನು ಗರಗಸ ಹೊಟ್ಟೆಬಟ್ಟೆ ಕಟ್ಟಿ ಕೊಂಡುತಂದು, ಯಾರ ಕಾಲೂ ಹಿಡಿಯದೆ, ಕೈ ಸುಟ್ಟುಕೊಂಡು ಕಲಿತು, ರಸ್ತೆಗೆ ಇಳಿಸಿದ್ದ. ಮೈ ತುಂಬ ವಯಸ್ಸಾಗಿದ್ದರೂ ಆ ಸ್ಟೀರಿಂಗಿನ ಹಿಂದೆ ಕೂತಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಹೆಂಡತಿ ಮಾತ್ರ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. “ಮಳೆ ಬರೋ ಹಾಗಿದೆ, ನನ್ನ ಸವತಿಗೆ ಹೊದಿಸಿ ಬನ್ನಿ” ಎಂದು ಒಳಗಿನಿಂದ ಕೂಗುತ್ತಿದ್ದಳು.

ಈ ಕಾರಿನ ಗೇರ್‌ಬಾಕ್ಸ್ ಗೊರಗುಟ್ಟತೊಡಗಿದಾಗ, ಮಗಳ ಒತ್ತಾಯಕ್ಕೆ ಮಣಿದು ಗರಗಸ ಅದನ್ನು ಅಳಿಯನ ಗ್ಯಾರೇಜಿಗೆ ಬಿಟ್ಟಿದ್ದ. ಅಳಿಯ ಬೇರಿಂಗ್ ಬದಲಾಯಿಸಿ ಕೊಟ್ಟ. ಸದ್ದು ಹೋಯಿತು. ಆದರೆ ಕೆಲವೇ ತಿಂಗಳಲ್ಲಿ ಮೂರನೇ ಗೇರು ತಾನಾಗಿ ಕಳಚಿ ಹೊರಬರತೊಡಗಿತು. ಇಳಿಜಾರಿನಲ್ಲಿ ಕಾಲು ಸಡಿಲಿಸಿದರೆ ಸಾಕು, ಗೇರ್ ರಾಡು ಟಕ್ಕೆಂದು ನ್ಯೂಟ್ರಲ್ಲಿಗೆ ಹಾರುತ್ತಿತ್ತು.

“ಕೆಡಿಸಿಟ್ರಲ್ಲ ಅಳಿಯಂದಿರು” ಎಂದ ಗರಗಸ, ಎಲ್ಲರೂ ಊಟಕ್ಕೆ ಕೂತಿದ್ದಾಗ.

ಅಳಿಯ ತಲೆ ಎತ್ತಲಿಲ್ಲ. “ಕೆಡಿಸಿದ್ದು ನಾನಲ್ಲ ಮಾವ. ನಿಮ್ಮ ಕೈ.”

“ನನ್ನ ಕೈ ಏನು ಮಾಡಿತಪ್ಪ?”

“ಓಡಿಸೋವಾಗ ಗೇರ್ ರಾಡ್ ಮೇಲೆ ಮಲಗಿರುತ್ತೆ. ಬಸ್ಸಲ್ಲಿ ಕಂಬಿ ಹಿಡ್ಕೊಂಡ ಹಾಗೆ. ಒಳಗೆ ಒಂದು ಫೋರ್ಕ್ ಇರುತ್ತಲ್ಲ, ಅದರ ಕವಲು ತಿರುಗೋ ರಿಂಗನ್ನ ಹಿಡ್ಕೊಂಡಿರುತ್ತೆ. ಮೇಲೆ ಕೈ ಭಾರ ಬಿದ್ರೆ ಅದು ರಿಂಗಿಗೆ ಉಜ್ಜಿ ಉಜ್ಜಿ ಒಂದೇ ಮಗ್ಗುಲು ಸವೆಯುತ್ತೆ. ಸವೆದ ಫೋರ್ಕು ಗೇರನ್ನ ಪೂರ್ತಿ ಒಳಗೆ ತಳ್ಳಲ್ಲ. ಕಳಚಿಕೊಳ್ಳದೆ ಇನ್ನೇನು ಮಾಡೀತು?”

ಮಗಳು ಕಿಸಕ್ಕೆಂದಳು. “ಹೌದಪ್ಪ, ನಿನ್ನ ಕೈ ಅಲ್ಲೇ ಇರುತ್ತೆ. ನಾನೇ ನೋಡಿದೀನಿ.”

ಸ್ವಂತ ಮಗಳು ಹಾಗೆಂದದ್ದು ಗರಗಸನಿಗೆ ಕಾದ ಕಬ್ಬಿಣ ತಾಗಿದಂತಾಯಿತು. ತಟ್ಟೆ ಸರಿಸಿ ಎದ್ದ. “ಗೇರ್‌ಬಾಕ್ಸ್ ನಾನೇ ಬಿಚ್ತೀನಿ, ಇದೇ ಮನೇಲಿ. ತಪ್ಪು ನನ್ನ ಕೈದಲ್ಲ ಅಂತ ಕಂಡ್ರೆ ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು.”

“ನಿಮ್ಮ ಕೈದೇ ಅಂತ ಕಂಡ್ರೆ?”

“ಕೀ ನಿಮ್ಮ ಕೈಗೆ. ಇನ್ನು ನಾನು ಆ ಸ್ಟೀರಿಂಗ್ ಮುಟ್ಟಿದ್ರೆ ಕೇಳಿ.”

ಆಡಿದ ಮಾತು ಬಾಯಿಂದ ಹೊರಬಿದ್ದಿತ್ತು. ಅಳಿಯ ಕೈ ತೊಳೆಯಲು ಎದ್ದು ಹೋದ, ಶಿಳ್ಳೆ ಹಾಕುತ್ತ.

ಮರುದಿನದಿಂದ ಮನೆ ಮುಂದಿನ ಶೆಡ್ಡು ರಣರಂಗವಾಯಿತು. ಸೀಟುಗಳನ್ನು ಕಿತ್ತು, ಜಾಕ್ ಕೊಟ್ಟು, ಕಾರಿನ ಹೊಟ್ಟೆಯೊಳಗೆ ತೂರಿ, ಗರಗಸ ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡ. ಅಳಿಯ ಗ್ಯಾರೇಜಿಗೆ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಬೇಲಿಯ ಬಳಿ ನಿಂತು, “ಉಸಿರಿದೆಯಾ ಮಾವ?” ಎಂದು ಕೇಳುತ್ತಿದ್ದ. “ನಿಮ್ಮನ್ನ ಸಾಗಹಾಕೋವರೆಗೂ ಇರುತ್ತೆ” ಎಂದು ಕಾರಿನಡಿಯಿಂದ ಉತ್ತರ ಬರುತ್ತಿತ್ತು. ಒಮ್ಮೆ ಮುಚ್ಚಳ ತೆಗೆಯುವಾಗ ಸ್ಪ್ರಿಂಗೊಂದು ಚಿಮ್ಮಿ, ಅದರ ಮೇಲಿದ್ದ ಉಕ್ಕಿನ ಗುಂಡು ಹಾರಿಹೋಯಿತು. ಗರಗಸ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುತ್ತಿದ್ದರೆ ಅಳಿಯ ಬೇಲಿಯಾಚೆಯೇ ನಿಂತು ನೋಡಿದ. ಎಲ್ಲಿ ಬಿತ್ತೆಂದು ಅವನಿಗೆ ಕಂಡಿತ್ತು. ಹೇಳಲಿಲ್ಲ; ಗರಗಸ ಕಡೆಗೆ ತಾನೇ ಹುಡುಕಿಕೊಂಡ.

ಒಳಗಿನ ಹಲ್ಲುಚಕ್ರಗಳನ್ನೆಲ್ಲ ಗರಗಸ ಹಳೇ ದುಪ್ಪಟಿಯ ಮೇಲೆ ಸಾಲಾಗಿ ಇಟ್ಟ. ಮೊದಲು ನೋಡಿದ್ದು ಅಳಿಯ ಹಾಕಿದ್ದ ಬೇರಿಂಗುಗಳನ್ನು. ಬೆರಳಲ್ಲಿ ತಿರುಗಿಸಿದ. ರೇಷ್ಮೆಯ ಹಾಗೆ ತಿರುಗಿದವು. ಕಿವಿಗಿಟ್ಟುಕೊಂಡು ತಿರುಗಿಸಿದ. ಪಿಟ್ಟೆನ್ನಲಿಲ್ಲ. ಹಾಳಾದವನು, ಕೆಲಸ ಮಾತ್ರ ಶುದ್ಧವಾಗಿ ಮಾಡಿದ್ದಾನೆ ಎಂದು ಹಲ್ಲು ಕಡಿದ.

ಆಮೇಲೆ ಮೂರನೇ ಗೇರಿನ ಫೋರ್ಕನ್ನು ಬಟ್ಟೆಯಲ್ಲಿ ಒರೆಸಿದ. ಒಂದು ಮಗ್ಗುಲು ಹೊಸದರಂತೆ ದಪ್ಪಗಿತ್ತು. ಇನ್ನೊಂದು ಮಗ್ಗುಲು ಕನ್ನಡಿಯಂತೆ ಮಿನುಗುತ್ತ, ಸವೆದು ತೆಳುವಾಗಿತ್ತು.

ಗರಗಸ ಎರಡೂ ಮಗ್ಗುಲನ್ನು ಮತ್ತೆ ಮತ್ತೆ ಹೆಬ್ಬೆರಳಲ್ಲಿ ಸವರಿ ನೋಡಿದ. ಲೋಹಕ್ಕೆ ಮುಲಾಜಿಲ್ಲ ಎಂಬುದು ಜೀವಮಾನವಿಡೀ ಮಗ್ಗಗಳ ಜೊತೆ ಗುದ್ದಾಡಿದವನಿಗೆ ಹೇಳಿಕೊಡಬೇಕೆ? ಅಳಿಯನ ಮಾತು ಅಕ್ಷರಶಃ ನಿಜವಾಗಿತ್ತು. ಅಳಿಯನ ಶಿಳ್ಳೆ, ಮಗಳ ನಗು, ಕೀ ಕೈ ಬಿಟ್ಟುಹೋಗುವುದು ಎಲ್ಲವೂ ಒಟ್ಟಿಗೇ ಕಣ್ಣಿಗೆ ಕಟ್ಟಿದವು. ಹೊಸ ಫೋರ್ಕು ಸಿಗುವುದಿದ್ದರೂ ಅಳಿಯನ ಗ್ಯಾರೇಜಿನಲ್ಲೇ. ಇದರ ಸವೆದ ಮಗ್ಗುಲಿಗೆ ಹಿತ್ತಾಳೆ ತುಂಬಿಸಿಕೊಡಬಲ್ಲ ವೆಲ್ಡರ್ ಅಳಿಯನ ಜೀವದ ಗೆಳೆಯ.

ಒಂದೇ ಮಗ್ಗುಲು ಸವೆದಿದ್ದರೆ ಕೈಯ ತಪ್ಪು. ಎರಡೂ ಮಗ್ಗುಲು ಸವೆದಿದ್ದರೆ ಯಾರ ತಪ್ಪೂ ಅಲ್ಲ, ವಯಸ್ಸು. ಗರಗಸ ಎದ್ದು ಶೆಡ್ಡಿನ ಬಾಗಿಲು ಹಾಕಿ, ಅರ ತೆಗೆದುಕೊಂಡು ದಪ್ಪಗಿದ್ದ ಮಗ್ಗುಲನ್ನು ಉಜ್ಜಿದ. ಹೀಗೆ ಉಜ್ಜಿದರೆ ಫೋರ್ಕು ಇನ್ನೂ ಸಡಿಲವಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಿರಣಿಯಲ್ಲಿ ಇಂಥದ್ದೇ ಕಳ್ಳಕೆಲಸ ಮಾಡಿದ ಒಬ್ಬನನ್ನು ಅವನೇ ಕಿವಿ ಹಿಂಡಿ ಹೊರಗೆ ಅಟ್ಟಿದ್ದ. ಆದರೂ ಕೈ ನಿಲ್ಲಲಿಲ್ಲ. ಅರದ ಗೀರು ಕಾಣದಂತೆ ಉಪ್ಪುಕಾಗದ ಹಾಕಿ ತಿಕ್ಕಿ, ಮೇಲೆ ಹಳೇ ಎಣ್ಣೆ ಸವರಿದ.

ರಜೆಯ ದಿನ ಮನೆಮಂದಿಯನ್ನೆಲ್ಲ ಶೆಡ್ಡಿಗೆ ಕರೆದ. ಅಳಿಯ ಕುಕ್ಕರಗಾಲಲ್ಲಿ ಕೂತು ಫೋರ್ಕನ್ನು ಬೆಳಕಿಗೆ ಹಿಡಿದ. ಒಂದು ಮಗ್ಗುಲ ಮೇಲೆ ಉಗುರು ಎಳೆದ. ಇನ್ನೊಂದರ ಮೇಲೆ ಎಳೆದ. ಅಲ್ಲಿ ಉಗುರು ತುಸು ನಿಂತು ನಿಂತು ಸಾಗಿತು. ಗರಗಸನ ಉಸಿರೂ ನಿಂತು ನಿಂತು ಸಾಗಿತು.

“ಎರಡೂ ಕಡೆ ಸವೆದಿದೆ” ಎಂದ ಅಳಿಯ.

“ಕಣ್ಣಿದೆಯಲ್ಲ ಅಳಿಯಂದಿರಿಗೆ!”

“ತಪ್ಪಾಯ್ತು ಮಾವ.” ಅಳಿಯ ಅಷ್ಟು ಸಲೀಸಾಗಿ ಅಂದದ್ದು ಗರಗಸನಿಗೆ ಬೈದದ್ದಕ್ಕಿಂತ ಕಹಿಯಾಯಿತು. “ನನ್ನ ಗ್ಯಾರೇಜಲ್ಲಿ ಹೊಸ ಫೋರ್ಕ್ ಇದೆ. ತಂದು ಕೊಡ್ಲಾ?”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಳಿಯನ ತುಟಿಯಂಚಿನಲ್ಲಿ ನಗೆ ಕಂಡಿತು.

“ನಿಮ್ಮ ಹಂಗು ನಂಗೆ ಬೇಡ. ಇದೇ ಸಾಕು.”

“ಸರಿ ಹಾಗಾದ್ರೆ. ಜೋಡಿಸಿ. ಜೊತೇಲಿ ಕೂತು ಒಂದು ಸುತ್ತು ಹೋಗ್ಬರೋಣ.”

ಗರಗಸ ಜೋಡಿಸಿದ. ಬಿಸಿಗೆ ಹಿಗ್ಗಿ ಬೇರಿಂಗ್ ಸಲೀಸಾಗಿ ಕೂರಲೆಂದು ಗೇರ್‌ಬಾಕ್ಸಿನ ಹೊರಕವಚವನ್ನು ಹೆಂಡತಿಯ ದೊಡ್ಡ ಹಂಡೆಯಲ್ಲಿ ಕುದಿಸಿದ. “ಸವತಿಗೆ ಬಿಸಿನೀರ ಸ್ನಾನ ಬೇರೆ! ನಂಗೆ ಒಂದು ದಿನ ನೀರು ಕಾಯಿಸಿಕೊಟ್ಟಿದೀರಾ?” ಎಂದಳು ಅವಳು. “ನಾಳೆ ಕಾಯಿಸಿಕೊಡ್ತೀನಿ” ಎಂದ ಅವನು, ಮೆತ್ತಗೆ. ಅದನ್ನು ಕೇಳಿ ಅವಳಿಗೇ ಗಾಬರಿಯಾಯಿತು.

ಒಂದು ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಹೊರಟರು. ಆ ಕಾರಿನಲ್ಲಿ ಮುಖ ತಿರುಗಿಸಿ ಕೂರಲೂ ಜಾಗವಿರಲಿಲ್ಲ. ಒಂದನೇ ಗೇರು, ಎರಡನೇ ಗೇರು ಬೆಣ್ಣೆಯಂತೆ ಬಿದ್ದವು. ಏರು ಹತ್ತಿ, ನೀರಿನ ಟ್ಯಾಂಕಿನ ಬಳಿ ಇಳಿಜಾರು ಶುರುವಾದಾಗ ಗರಗಸ ಮೂರನೆಯದಕ್ಕೆ ಹಾಕಿದ. ಕಾಲು ಸಡಿಲಿಸುತ್ತಿದ್ದಂತೆ ರಾಡು ಅಂಗೈಯನ್ನು ಒದೆಯಿತು. ಅವನು ಅದುಮಿ ಹಿಡಿದ.

ಅಳಿಯ ಕೈ ಕಟ್ಟಿಕೊಂಡು ಆ ಕೈಯನ್ನೇ ನೋಡುತ್ತಿದ್ದ. “ಕೈ ತೆಗೀರಿ ಮಾವ.”

“ರಸ್ತೆ ನೋಡಿ.”

“ರಸ್ತೆ ನೋಡೋದು ಓಡಿಸೋರ ಕೆಲಸ. ನಾನು ಕೈ ನೋಡೋಕೆ ಬಂದೋನು.”

ರಾಡು ನಡುಗುತ್ತಿತ್ತು. ಗರಗಸನ ಬೆರಳ ಗಿಣ್ಣುಗಳು ಬಿಳಿಚಿದವು. ಕಡೆಗೆ ಕೈ ತೆಗೆದ. ಟಕ್ಕೆಂದಿತು. ಗೇರು ಕಳಚಿ, ಕಾರು ಲಂಗುಲಗಾಮಿಲ್ಲದೆ ಉರುಳತೊಡಗಿತು. ಅವನು ಬ್ರೇಕು ಒತ್ತಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿದ.

“ಅರ ಹಾಕಿದ್ದು ಅವತ್ತೇ ಗೊತ್ತಾಗಿತ್ತಾ?” ಎಂದ, ಎದುರಿನ ಗಾಜನ್ನು ನೋಡುತ್ತ.

“ಉಗುರಿಗೆ ಗೊತ್ತಾಯ್ತು.”

“ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ರಿ?”

“ಅಲ್ಲೇ ಅಂದಿದ್ರೆ ನಿಮ್ಮ ಮಗಳ ಮುಂದೆ ನನ್ನನ್ನೇ ಸುಳ್ಳ ಅಂತಿದ್ರಿ. ನಿಮ್ಮ ಕೈಯಿಂದಲೇ ಹೇಳಿಸ್ಬೇಕಿತ್ತು.”

ಗರಗಸ ಕೀ ಕಿತ್ತು ಅಳಿಯನ ತೊಡೆಯ ಮೇಲೆ ಎಸೆದ. ಇಳಿದು, ಕಾರನ್ನು ಸುತ್ತಿ ಬಂದು, ಇನ್ನೊಂದು ಬಾಗಿಲು ತೆರೆದು ನಿಂತ. “ಎದ್ದು ಆ ಕಡೆ ಹೋಗಿ. ಇದು ನನ್ನ ಜಾಗ ಇನ್ನು.”

ಅಳಿಯ ಸ್ಟೀರಿಂಗ್ ಹಿಡಿದ. ಹಿಡಿದ ಖುಷಿಯಲ್ಲಿ ಸವೆದ ಫೋರ್ಕು ಒಳಗೆ ಹಾಗೇ ಇದೆ ಎಂಬುದನ್ನು ಮರೆತ. ಇಳಿಜಾರು ಮುಗಿಯುವ ಮುನ್ನವೇ ಮೂರನೇ ಗೇರು ಅವನ ಕೈಯನ್ನೂ ಒದೆಯಿತು. ಅವನೂ ಅದುಮಿ ಹಿಡಿದ.

“ಕೈ ತೆಗೀರಿ ಅಳಿಯಂದಿರೇ” ಎಂದ ಗರಗಸ.

ಅಳಿಯ ಮುಖ ಕೆಂಪಗೆ ಮಾಡಿಕೊಂಡು, ಗೇರನ್ನು ಎರಡಕ್ಕೆ ಇಳಿಸಿ, ಹಟ ಹಿಡಿದವನಂತೆ ಕಾಲು ಒತ್ತಿದ. ಎಂಜಿನ್ ಅರಚಿತು. ಅಂಗಡಿಗಳವರು ಹೊರಗೆ ಬಂದು ನೋಡಿದರು.

“ಎಂಜಿನ್ ಹಾಳಾಗುತ್ತೆ ಕಣ್ರೀ!” ಗರಗಸ ಕೂಗಿದ.

“ಆಗ್ಲಿ ಮಾವ! ಅದನ್ನೂ ಮನೇಲೇ ಬಿಚ್ಚಿ!”